ನಾಲ್ಕನೇ ಹಾಸಿಗೆಯ ತೊಂಬತ್ತೆಂಟು

ಧಾರವಾಡದ ಪ್ರಯೋಗಾಲಯದ ಮೇಜಿನ ಮೇಲೆ ಐವತ್ತೈದು ಅಂಗುಲದ ಹಳೆಯ ಟಿವಿಯೊಂದು ಮುಖ ಮೇಲೆ ಮಾಡಿ ಮಲಗಿತ್ತು. ಅದರಿಂದ ಒಂದು ಗೇಣು ಎತ್ತರದಲ್ಲಿ ಯಂತ್ರದ ತೋಳು, ಹೊಲದಲ್ಲಿ ಸಾಗುವ ಕೂರಿಗೆಯಂತೆ, ಈ ಅಂಚಿನಿಂದ ಆ ಅಂಚಿಗೆ ಹೋಗಿ ತಿರುಗಿ ಬರುತ್ತಿತ್ತು.

ಇಂಥ ಟಿವಿಗಳಿಗೆ ಹಿಂದಿನಿಂದ ದೀಪ ಬೇಕಿಲ್ಲ. ಪರದೆಯ ಲಕ್ಷಾಂತರ ಚುಕ್ಕೆಗಳಲ್ಲಿ ಪ್ರತಿಯೊಂದೂ ತಾನೇ ಉರಿಯುತ್ತದೆ, ಉರಿದಷ್ಟೂ ಸವೆಯುತ್ತದೆ. ಚಿತ್ರ ಬದಲಾಗುತ್ತಲೇ ಇದ್ದರೆ ಸವೆತ ಎಲ್ಲೆಡೆ ಹಂಚಿಹೋಗುತ್ತದೆ. ಒಂದೇ ಗುರುತು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತರೆ ಅಲ್ಲಿನ ಚುಕ್ಕೆಗಳು ಉಳಿದವಕ್ಕಿಂತ ಬೇಗ ಮಂಕಾಗಿ, ಚಿತ್ರ ಹೋದ ಮೇಲೂ ಅದರ ಕಲೆ ನಿಲ್ಲುತ್ತದೆ. ಡಾ. ವಸುಂಧರಾ ಕಡಕೋಳ ಅವರ ಯಂತ್ರ ಓದುತ್ತಿದ್ದುದು ಆ ಕಲೆಯನ್ನು. ನೀಲಿ ಬೇಗ ಸವೆಯುತ್ತದೆ, ಕೆಂಪು ನಿಧಾನ. ಒಂದೊಂದು ಬಣ್ಣದ ಸವೆತವನ್ನು ಅಳೆದು, ಯಾವ ಚಿತ್ರ ಎಷ್ಟು ಗಂಟೆ, ಎಷ್ಟು ಪ್ರಖರವಾಗಿ, ಯಾವುದರ ನಂತರ ಉರಿದಿತ್ತು ಎಂದು ಯಂತ್ರ ಲೆಕ್ಕ ಹಾಕಿ ಹೇಳುತ್ತಿತ್ತು. ಜನ ಅದಕ್ಕೆ ಕಲೆಗನ್ನಡಿ ಎಂದು ಹೆಸರಿಟ್ಟಿದ್ದರು.

ಅದು ೨೦೪೮ನೆಯ ಇಸವಿ. ಕಲೆಗನ್ನಡಿ ಹೊರಬಂದು ಆರು ವರ್ಷವಾಗಿತ್ತು. ಮೊದಲು ಅದನ್ನು ಕೊಂಡವರು ಟಿವಿ ಕಂಪನಿಗಳವರು. ಪರದೆ ಕೆಟ್ಟಿತೆಂದು ದೂರು ಬಂದರೆ ಮನೆಗೆ ಯಂತ್ರ ಬರುತ್ತಿತ್ತು. ಮರುದಿನ ಪತ್ರ ಬರುತ್ತಿತ್ತು: 'ನೀವು ಒಂದೇ ವಾಹಿನಿಯನ್ನು ಒಂಬತ್ತು ಸಾವಿರ ಗಂಟೆ ನೋಡಿದ್ದೀರಿ. ತಪ್ಪು ನಿಮ್ಮದು.' ಹೆದರಿದ ಜನ ಅರ್ಧ ತಾಸಿಗೊಮ್ಮೆ ಎದ್ದು ವಾಹಿನಿ ಬದಲಿಸತೊಡಗಿದರು. ಲಾಂಛನ ಬರುವ ಮೂಲೆಗೆ ಕಾಗದ ಅಂಟಿಸಿ, ಅದರಿಂದ ಕಲೆ ತಪ್ಪುತ್ತದೆಂದು ನಂಬಿದವರೂ ಇದ್ದರು. ಹೊಳಪು ತೋರಿಸಿ ಮಾರಿದವರು ಅಂಗಡಿಯಲ್ಲಿ ಸವೆತದ ಮಾತೆತ್ತಿರಲಿಲ್ಲ. ಕೊಂಡವರನ್ನು ಹಿಡಿಯಲು ತಮ್ಮ ಯಂತ್ರ ಬಳಕೆಯಾಗುತ್ತಿದೆ ಎಂಬ ಸಿಟ್ಟು ವಸುಂಧರಾಗೆ ಬೆಳಿಗ್ಗೆ ಎದ್ದಾಗಿನಿಂದ ಇರುತ್ತಿತ್ತು.

ಇವತ್ತು ಮೇಜಿನ ಮೇಲಿದ್ದ ಟಿವಿಯನ್ನು ತಂದವರು ಮೆಹರುನ್ನೀಸಾ ನದಾಫ್. ನಲವತ್ತಾರು ವಯಸ್ಸು. ಹುಬ್ಬಳ್ಳಿಯ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದವರು. ಮೂರು ವರ್ಷದಿಂದ ಆಗಿರಲಿಲ್ಲ.

"ಒಬ್ಬ ಮನಷ್ಯಾನ್ನ ಕೊಂದಾಕಿ ಅಂತ ನನ್ನ ನೋಂದಣಿ ರದ್ದು ಮಾಡ್ಯಾರ್ರೀ ಮೇಡಂ," ಎಂದರು ಅವರು, ಕುರ್ಚಿಯಲ್ಲಿ ಕೂರದೆ. "ನೀವೂ ಹಂಗ ಅನ್ನೂದಿದ್ರ ಈಗ ಹೇಳಿಬಿಡ್ರಿ. ಟಿವಿ ಹೊತ್ಕೊಂಡು ಹೋಗ್ತೀನಿ."

"ಮೊದಲ ಏನಾತು ಹೇಳ್ರಿ," ಎಂದರು ವಸುಂಧರಾ.

ಮೆಹರುನ್ನೀಸಾ ಕೆಲಸ ಮಾಡುತ್ತಿದ್ದ ವಾರ್ಡಿನ ಗೋಡೆಯ ಮೇಲೆ ಈ ಟಿವಿ ಇತ್ತು. ಕಪ್ಪು ಹಿನ್ನೆಲೆಯಲ್ಲಿ ಹಾಸಿಗೆಗೊಂದು ಚೌಕ. ಚೌಕದೊಳಗೆ ಹಸಿರು ಅಂಕಿಯಲ್ಲಿ ರೋಗಿಯ ರಕ್ತದ ಆಮ್ಲಜನಕದ ಪ್ರಮಾಣ. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಕಳಚಿಕೊಂಡರೆ ಅಂಕಿ ಅಳಿದು ಚೌಕ ಬೂದು ಬಣ್ಣಕ್ಕೆ ತಿರುಗಬೇಕು. ಆಗ ಕೂಗಬೇಕಿದ್ದ ಗಂಟೆಯನ್ನು, ರೋಗಿಗಳ ಕಡೆಯವರಿಗೆ ಕಿರಿಕಿರಿ ಆಗುತ್ತದೆಂದು ಆಡಳಿತದವರು ನಿಲ್ಲಿಸಿದ್ದರು. ಒಂದು ಮಧ್ಯಾಹ್ನ ನಾಲ್ಕನೇ ಹಾಸಿಗೆಯ ಫಕ್ಕೀರಪ್ಪ, ಲೇತ್ ಕೆಲಸಗಾರ, ನಿದ್ದೆಯಲ್ಲಿ ಮಗ್ಗುಲಾದಾಗ ಆಮ್ಲಜನಕದ ಕೊಳವೆಯೂ ಬೆರಳಿನ ಕ್ಲಿಪ್ಪೂ ಒಟ್ಟಿಗೆ ಕಳಚಿದವು. ಹದಿನಾಲ್ಕು ರೋಗಿಗಳಿಗೆ ಮೆಹರುನ್ನೀಸಾ ಒಬ್ಬರೇ. ಅತ್ತ ಇನ್ನೊಬ್ಬ ರೋಗಿಗೆ ರಕ್ತ ಏರಿಸುತ್ತಲೇ ಮೂರು ಸಲ ತಿರುಗಿ ಗೋಡೆ ನೋಡಿದರು. ಮೂರು ಸಲವೂ ನಾಲ್ಕನೇ ಚೌಕದಲ್ಲಿ ತೊಂಬತ್ತೆಂಟು ಕಂಡಿತು. ಹತ್ತೊಂಬತ್ತು ನಿಮಿಷಗಳ ನಂತರ ಹೋಗಿ ನೋಡಿದಾಗ ಮೈ ತಣ್ಣಗಾಗತೊಡಗಿತ್ತು.

"ಕಂಪ್ಯೂಟರಿನ್ಯಾಗ ಅಷ್ಟೂ ಹೊತ್ತು ಅಂಕಿ ಇದ್ದಿಲ್ಲ ಅಂತ ದಾಖಲಾಗೇತ್ರಿ. ನಾ ತೊಂಬತ್ತೆಂಟು ನೋಡೀನಿ ಅಂದ್ರ ಸುಳ್ಳು ಹೇಳ್ತಿ ಅಂದ್ರು. ಮಲಗಿದ್ದಿ ಅಂದ್ರು. ಆ ಫಕ್ಕೀರಪ್ಪನ ಹೇಂತಿ ದ್ಯಾಮವ್ವ ಎಲ್ಲಾರ ಮುಂದ ನನ್ನ ಕಪಾಳಕ್ಕ ಹೊಡದ್ಲು. ಒಂದ ವಾರದಾಗ ಗ್ವಾಡಿ ಮ್ಯಾಲಿನ ಟಿವಿ ಎಲ್ಲಾ ತಗದು ಗುಜರಿಗೆ ಹಾಕಿದ್ರು."

"ಇದು ನಿಮಗ ಹೆಂಗ ಸಿಕ್ತು?"

"ಗದಗ ರೋಡಿನ ಒಂದು ಖಾನಾವಳ್ಯಾಗ ಊಟಕ್ಕ ಕುಂತಿದ್ದೆ. ಟಿವ್ಯಾಗ ಹಿಮದ ಗುಡ್ಡ ತೋರಸ್ತಿದ್ರು, ಬೆಳ್ಳಗ. ಆ ಹಿಮದ ಮ್ಯಾಲ ನಮ್ಮ ವಾರ್ಡಿನ ಚೌಕ ಸಾಲಾಗಿ ಕಂಡೂವು. ನಾಕನೇದ್ರಾಗ ತೊಂಬತ್ತೆಂಟು. ಬಾಯಾಗಿನ ರೊಟ್ಟಿ ಹಂಗ ಉಳೀತು. ಮಾಲಕರಿಗೆ ನಮ್ಮ ಮನೀ ಟಿವಿ ಕೊಟ್ಟು ಇದನ್ನ ತಂದೆ."

ಸಂಜೆಯ ಹೊತ್ತಿಗೆ ಯಂತ್ರದ ಓದು ಮುಗಿಯಿತು. ನಾಲ್ಕನೇ ಚೌಕದ ಮೊದಲ ಅಂಕಿಯ ಜಾಗದಲ್ಲಿ ಒಂಬತ್ತು ಎಂಬ ಅಂಕಿ ಇಪ್ಪತ್ತೆರಡು ಸಾವಿರ ಗಂಟೆ ಉರಿದು ಅಚ್ಚೊತ್ತಿತ್ತು. ಎರಡನೆಯ ಜಾಗದಲ್ಲಿ ಆರು, ಏಳು, ಎಂಟು, ಒಂಬತ್ತುಗಳು ಒಂದರ ಮೇಲೊಂದು ಬಿದ್ದು, ಕೂಡಿ ಎಂಟಾಗಿ ನಿಂತಿದ್ದವು. ವಸುಂಧರಾ ಆ ಚೌಕವನ್ನು ಬೂದು ಮಾಡಿ, ಇಪ್ಪತ್ತು ಅಡಿ ದೂರ ಹೋಗಿ ನಿಂತು ನೋಡಿದರು. ತೊಂಬತ್ತೆಂಟು. ಬೇರೇನನ್ನಾದರೂ ಓದಬೇಕೆಂದು ಯತ್ನಿಸಿದರೂ ಆಗಲಿಲ್ಲ.

ಅವರು ಮತ್ತೆ ಲೆಕ್ಕದ ಮುಂದೆ ಕೂತರು. ಟಿವಿ ವಾರ್ಡಿನಲ್ಲಿದ್ದ ಕಾಲದ ಕೊನೆಯ ಪದರದಲ್ಲಿ ಇನ್ನೊಂದು ಸಂಗತಿ ಇತ್ತು. ಅದನ್ನು ಮೂರು ಸಲ ಪರೀಕ್ಷಿಸಿದರು. ಆಮೇಲೆ ಮೇಜನ್ನು ಅಂಗೈಯಿಂದ ಬಡಿದ ಸದ್ದಿಗೆ ಮೆಹರುನ್ನೀಸಾ ಬೆಚ್ಚಿದರು.

"ಸಿಸ್ಟರ್, ಅವರಿಗೆ ಗೊತ್ತಿತ್ತು," ಎಂದರು ವಸುಂಧರಾ.

ಮರುವಿಚಾರಣೆ ಹುಬ್ಬಳ್ಳಿಯಲ್ಲೇ ನಡೆಯಿತು. ನಿವೃತ್ತ ನ್ಯಾಯಾಧೀಶರೊಬ್ಬರು ವಿಚಾರಣಾಧಿಕಾರಿ. ಆಸ್ಪತ್ರೆಯ ಪರವಾಗಿ ಆಡಳಿತಾಧಿಕಾರಿ ಉದಯಶಂಕರ ಮುನವಳ್ಳಿ ಬಂದಿದ್ದರು. ಹಿಂದಿನ ಸಾಲಿನಲ್ಲಿ, ಸೆರಗನ್ನು ಮೈತುಂಬ ಹೊದ್ದು, ದ್ಯಾಮವ್ವ ಕೂತಿದ್ದಳು.

"ಟಿವಿ ಅಂದ್ಮ್ಯಾಲ ಕಲೆ ಬೀಳ್ತಾವ್ರಿ," ಎಂದರು ಮುನವಳ್ಳಿ. "ಆದ್ರ ನಮಗ ಹೆಂಗ ಗೊತ್ತಾಗಬೇಕು? ಈ ಸಿಸ್ಟರ್ ಆಗಲಿ, ಮತ್ತೊಬ್ಬರಾಗಲಿ, ಒಂದು ಮಾತು ಹೇಳಿಲ್ಲ."

"ಎರಡ ಸಲ ನಿಮ್ಮ ಕೋಣಿಗೆ ಬಂದು ಹೇಳೀನಿ," ಎಂದರು ಮೆಹರುನ್ನೀಸಾ.

"ಬರದು ಕೊಟ್ಟೀರೇನು?"

ಮೆಹರುನ್ನೀಸಾ ಇಲ್ಲವೆಂದು ತಲೆಯಾಡಿಸಿದರು. ವಸುಂಧರಾ ಎದ್ದು ನಿಂತರು.

"ಟಿವಿ ಜೋಡಿ ಡಬ್ಬಿಯೊಳಗ ಒಂದು ಪುಸ್ತಕ ಬಂದಿರ್ತದ. ಓದಿದ್ರೇನು ನೀವು?"

"ಟಿವಿ ಪುಸ್ತಕ ಯಾರ ಓದ್ತಾರ್ರಿ?" ಸಭೆಯಲ್ಲಿ ಒಂದಿಬ್ಬರು ನಕ್ಕರು.

"ನಾ ಓದೀನಿ. ಏಳನೇ ಪುಟ. 'ಮನೆಬಳಕೆಗೆ ಮಾತ್ರ. ಚಲಿಸದ ಚಿತ್ರವನ್ನು ದೀರ್ಘಕಾಲ ಪರದೆಯ ಮೇಲೆ ಇಡಬಾರದು.' ರೋಗಿಗಳ ಅಂಕಿ ತೋರಸಾಕ ಬ್ಯಾರೆ ಪರದೆ ಸಿಗ್ತಾವ. ನೀವು ಧಾರಾವಾಹಿ ನೋಡೋ ಟಿವಿ ತಂದು ಗ್ವಾಡಿಗೆ ಹಾಕಿ, ಹಗಲೂ ರಾತ್ರಿ ಒಂದ ಚಿತ್ರ ಇಟ್ರಿ. ಅದು ಅಜ್ಞಾನ ಅಂತ ಬಿಡೋಣ." ಅವರು ಕಲೆಗನ್ನಡಿಯ ವರದಿ ಬಿಚ್ಚಿದರು. "ಈ ಟಿವಿಯ ಬೆಳಕು ಕಡಿಮಿ ಮಾಡಬೇಕಂದ್ರ ಒಂದು ಗುಪ್ತಸಂಖ್ಯೆ ಬೇಕಲ್ಲ, ಅದು ಯಾರ ಕಡೆ ಇತ್ತು?"

"ನಮ್ಮ ಕಚೇರಿಯೊಳಗ. ಎಲ್ಲಾರೂ ಮುಟ್ಟಬಾರದಂತ."

"ಫಕ್ಕೀರಪ್ಪ ಸಾಯೂದಕ್ಕ ನಲವತ್ತೊಂದು ದಿನ ಮೊದಲ ಇಡೀ ಪರದೆ ಸವೆಯೋ ವೇಗ ಒಮ್ಮೆಲೆ ಅರ್ಧಕ್ಕ ಇಳದದ. ಅಂದ್ರ ಆ ದಿನ ಬೆಳಕು ಅರ್ಧಕ್ಕ ಇಳಿಸ್ಯಾರ. ಕಲೆ ಬೀಳೂದು ಗೊತ್ತಿಲ್ಲದವ್ರು ಬೆಳಕು ಯಾಕ ಇಳಿಸಿದ್ರಿ? ಸಿಸ್ಟರ್ ಹೇಳಿದ್ದು ನಿಮಗ ಕೇಳಿಸಿತ್ತು. ಟಿವಿ ಬದಲಿ ಮಾಡ್ಲಿಲ್ಲ. ಸವೆತ ತಡಿಯಾಕ ಹೋಗಿ ಅಂಕಿ ಇನ್ನೂ ಮಬ್ಬು ಮಾಡಿ, ಕಲೆ ಯಾವುದು ಖರೆ ಯಾವುದು ತಿಳೀದಂಗ ಮಾಡಿದ್ರಿ. ಆಮ್ಯಾಲ ಒಬ್ಬ ಹೆಣ್ಮಗಳಿಗೆ ಸುಳ್ಳುಗಾರ್ತಿ ಅಂದ್ರಿ."

ಮುನವಳ್ಳಿ ಆಸ್ಪತ್ರೆಯ ವಕೀಲರ ಕಡೆ ನೋಡಿದರು. ವಕೀಲರು ಕಾಗದ ತಿರುವಿದರು.

ದ್ಯಾಮವ್ವ ಎದ್ದಳು. ತಡೆಯಲು ಬಂದ ಜವಾನನನ್ನು ಸರಿಸಿ ಮುಂದೆ ಬಂದಳು. "ನಲವತ್ತೊಂದು ದಿನ ಗೊತ್ತಿತ್ತೇನ್ ನಿಮಗ?" ಎಂದಳು. "ಕೇಳಾಕತ್ತೀನಿ. ಗೊತ್ತಿತ್ತಿಲ್ಲೋ?"

ವಿಚಾರಣಾಧಿಕಾರಿ ಅವಳನ್ನು ಕೂರಲು ಹೇಳಲಿಲ್ಲ.

ಹೊರಗೆ ಮೆಟ್ಟಿಲ ಬಳಿ ದ್ಯಾಮವ್ವ ಮೆಹರುನ್ನೀಸಾ ಅವರ ಎದುರು ಬಂದು ನಿಂತಳು. "ನಾ ನಿಮಗ ಹೊಡದಿದ್ದೆ," ಎಂದಳು.

"ಹೊಡದ್ರಿ. ನನಗ ನಿಮ್ಮ ಮ್ಯಾಲ ಇನ್ನೂ ಸಿಟ್ಟೈತಿ."

"ಇರಬೇಕ್ರೀ. ನನಗೂ ನನ್ನ ಮ್ಯಾಲ ಐತಿ." ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೂರು ವರ್ಷ ನಿಮಗ ಶಾಪ ಹಾಕೀನಿ. ಅಷ್ಟೂ ಶಾಪ ತಪ್ಪು ಮನೀಗೆ ಹೋದೂವು."

ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಆದರೆ ಬಸ್ ಬರುವ ತನಕ ಒಟ್ಟಿಗೆ ನಿಂತಿದ್ದರು.

ಎರಡು ತಿಂಗಳಿಗೆ ಮೆಹರುನ್ನೀಸಾ ಅವರ ನೋಂದಣಿ ಮರಳಿ ಬಂತು. ಮುನವಳ್ಳಿಯ ಮೇಲೆ ಮೊಕದ್ದಮೆ ಹೂಡಲಾಯಿತು. ವಸುಂಧರಾ ಟಿವಿ ಕಂಪನಿಗಳ ಜೊತೆಗಿನ ಒಪ್ಪಂದಗಳನ್ನು ಮುರಿದುಕೊಂಡರು. ರಾಜ್ಯದ ಎಲ್ಲ ಆಸ್ಪತ್ರೆಗಳ ಪರದೆಗಳನ್ನೂ ಕಲೆಗನ್ನಡಿಯಿಂದ ಪರೀಕ್ಷಿಸಬೇಕೆಂದು ಆದೇಶವಾಯಿತು. ಆ ಕೆಲಸಕ್ಕೆ ವಸುಂಧರಾ ಕೇಳಿಕೊಂಡದ್ದು ಒಬ್ಬರೇ ಒಬ್ಬರನ್ನು. ವಾರ್ಡಿನಲ್ಲಿ ನಿಂತು ಗೋಡೆ ನೋಡಿದ ಅನುಭವ ಇರುವವರು ಬೇಕು ಎಂದಿದ್ದರು.

ಅವರಿಬ್ಬರೂ ಮೊದಲು ಹೋದದ್ದು ಪಕ್ಕದ ಜಿಲ್ಲೆಯ ಹಳೆಯ ಆಸ್ಪತ್ರೆಯೊಂದಕ್ಕೆ. ನಲವತ್ತು ಪರದೆಗಳಲ್ಲಿ ಹನ್ನೊಂದರಲ್ಲಿ ಕಲೆ ಇತ್ತು. ಒಂದರಲ್ಲಿ ಬರಿಗಣ್ಣಿಗೇ ಕಾಣುವಷ್ಟು.

"ಇದು ನಿಮಗ ಕಾಣಂಗಿಲ್ಲೇನು?" ಎಂದು ಮೆಹರುನ್ನೀಸಾ ಅಲ್ಲಿನ ನರ್ಸನ್ನು ಕೇಳಿದರು.

"ಕಾಣ್ತದ್ರೀ ಅಕ್ಕಾರ. ನಾ ಬಂದಾಗಿಂದ ಹಂಗ ಐತಿ. ರೂಢಿ ಆಗೇತಿ."

ಮೆಹರುನ್ನೀಸಾ ನೇರ ಆಸ್ಪತ್ರೆಯ ಕಚೇರಿಗೆ ನಡೆದರು. ಪರದೆಗಳ ಬಗ್ಗೆ ಬಂದ ದೂರುಗಳ ಕಡತ ಬೇಕೆಂದರು. ಗುಮಾಸ್ತ ಕಪಾಟಿನ ತಳದಿಂದ ಎಳೆದು ಕೊಟ್ಟ ಕಟ್ಟಿನಲ್ಲಿ ಎಲ್ಲಕ್ಕಿಂತ ಕೆಳಗೆ ಹಳದಿಗಟ್ಟಿದ ಒಂದು ಹಾಳೆ ಇತ್ತು. ಹೆಸರು ಅಳಿಸಿಹೋಗಿದ್ದ ಯಾರೋ ನರ್ಸ್ ದುಂಡಗೆ ಬರೆದಿದ್ದಳು: 'ಮಾನ್ಯರೇ, ವಾರ್ಡಿನ ಟಿವಿಯಲ್ಲಿ ಹಳೆಯ ಅಂಕಿಗಳು ಅಳಿಯದೆ ನಿಲ್ಲುತ್ತಿವೆ. ಭಯವಾಗುತ್ತದೆ. ದಯವಿಟ್ಟು ಒಮ್ಮೆ ಬಂದು ನೋಡಿ.'

ಕೆಳಗೆ ನೇರಳೆ ಶಾಯಿಯ ಮುದ್ರೆ ಇತ್ತು: 'ಗಮನಿಸಲಾಗಿದೆ.' ಪಕ್ಕದಲ್ಲಿ ಸಹಿ, ದಿನಾಂಕ.

ಮೆಹರುನ್ನೀಸಾ ಇಸವಿಯನ್ನು ಗಟ್ಟಿಯಾಗಿ ಓದಿದರು. ೨೦೨೬.