ಮುಟ್ರಿ, ನಾನು ಒರೆಸ್ತೀನಿ

"ಏಯ್... ಅಲ್ಲಿ ಕೈ ಇಡಬ್ಯಾಡ್ರಿ!"

ತನುಶ್ರೀ ಬೆಚ್ಚಿ ಕೈ ಹಿಂದೆಳೆದುಕೊಂಡಳು.

ಎಣ್ಣೆ ಕಲೆಯ ನೀಲಿ ಅಂಗಿಯ ಯುವಕನೊಬ್ಬ ಮಷೀನಿನ ಹಿಂದಿನಿಂದ ಎದ್ದು ನಿಂತಿದ್ದ.

"ಯಾರಿಗ್ರೀ ಗದರಿಸ್ತೀರಿ? ಈ ಮಷೀನು ನಂದು!"

"ನಿಮ್ದೇ ಇರ್ಲಿ ಮೇಡಂ. ಆ ಕೋನಿನ ಮೇಲೆ ಬೆರಳಿನ ಜಿಡ್ಡೂ ಕೂರಬಾರ್ದು."

ಅದು ಅವಳಿಗೆ ಗೊತ್ತಿಲ್ಲದ್ದೇ? ಇಂಜಿನಿಯರಿಂಗ್ ಓದಿದವಳು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಈ ಶೆಡ್ಡಿಗೆ ಜಪಾನಿನಿಂದ ಬಂದಿಳಿದಿದ್ದ, ಕಬ್ಬಿಣದಲ್ಲಿ ತೂತು ಕೊರೆಯುವ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಮಷೀನು ಅದು. ಪಂಕ್ತಿಯಲ್ಲಿ ಹಾಕಿದ ಊಟದ ಮಣೆಗಳಂತೆ, ಲೋಹದ ಹಲಗೆಯಂಥ ಆರು ಪ್ಯಾಲೆಟ್‌ಗಳು ಹೊರಗೆ ಸಾಲಾಗಿ ಕಾಯುತ್ತವೆ. ಒಂದರ ಮೇಲಿನ ಕೆಲಸ ಒಳಗೆ ನಡೆಯುವಾಗ ಇನ್ನೊಂದು ಹೊರಗೆ ಸಿದ್ಧವಾಗುತ್ತದೆ. ಒಳಗೆ ಹೋದದ್ದು ಕೂರುವುದು ಬುಡ ದಪ್ಪ, ತುದಿ ಸಣ್ಣಗಿನ ಈ ನಾಲ್ಕು ಉಕ್ಕಿನ ಕೋನುಗಳ ಮೇಲೆಯೇ.

"ಗೊತ್ತು ನಂಗೂ..." ಎಂದಳು ತನುಶ್ರೀ. "ಇದನ್ನ ಬುಕ್ ಮಾಡಿದ್ದು ನಮ್ಮಪ್ಪಾಜಿ. ಮಂಡಿಪೇಟೆ ಅಂಗಡೀಲಿ ಕೂತು ಇದರದ್ದೇ ಕನಸು ಕಾಣ್ತಿದ್ರು. ಇದು ಬರೋದ್ರೊಳಗೆ ಅವರೇ ಹೋಗ್ಬಿಟ್ರು. ಅವರ ಬದ್ಲಿಗೆ ಒಂದ್ಸಲ ಮುಟ್ಟೋಣ ಅಂತ..."

ಅವನ ಮುಖ ಮೆತ್ತಗಾಯಿತು. ಜೇಬಿನಿಂದ ಒಗೆದ ಬಿಳಿ ಬಟ್ಟೆ ತೆಗೆದ.

"ಮುಟ್ರಿ. ಆಮೇಲೆ ನಾನು ಒರೆಸ್ತೀನಿ."

ಅವನ ಹೆಸರು ಅರುಣ್ ಕುಮಾರ್. ಆನಗೋಡಿನ ರೈತ ಸೂರಪ್ಪನ ಮಗ. ಹರಿಹರದಲ್ಲಿ ರೂಮು ಮಾಡಿಕೊಂಡಿದ್ದ. ಮಷೀನು ಕೂರಿಸಲು ಬಂದವನೇ ಅಂದಿನಿಂದ ಅದರ ಆಪರೇಟರ್ ಆದ.

ಅವಳು ಪ್ರೋಗ್ರಾಂ ಬರೆದರೆ ಅವನು ಪ್ಯಾಲೆಟ್‌ಗೆ ಗೇರ್‌ಬಾಕ್ಸಿನ ಎರಕದ ಪೆಟ್ಟಿಗೆ ಬಿಗಿಯುತ್ತಿದ್ದ. ಸಂಜೆ ಇಬ್ಬರ ನಡುವೆ ಒಂದೇ ಪೊಟ್ಟಣದ ಮಂಡಕ್ಕಿ, ಮೆಣಸಿನಕಾಯಿ.

"ಕೈ ತೊಳ್ಕಂಡು ಮಷೀನ್ ಮುಟ್ರಿ ಮೇಡಂ."

"ಇನ್ನೊಂದ್ಸಲ ಮೇಡಂ ಅಂದ್ರೆ ಮೆಣಸಿನಕಾಯಿ ಇಲ್ಲ ನೋಡ್ರಿ!"

"ಹಂಗಾದ್ರೆ ಬರೀ ಮಂಡಕ್ಕಿ ಸಾಕು... ಮೇಡಂ."

ಅವಳು ನಗುತ್ತಿದ್ದಳು. ಅಪ್ಪ ಹೋದ ಮೇಲೆ ನಗು ಮರಳಿದ್ದು ಆ ಶೆಡ್ಡಿನಲ್ಲೇ.

ಆಯುಧ ಪೂಜೆ ಬಂತು. ಬಾಳೆಕಂದು, ಚೆಂಡು ಹೂವು. ಪ್ಯಾಲೆಟ್‌ಗಳನ್ನೆಲ್ಲ ಹೊರಗೆ ಸರಿಸಿ, ಮಷೀನಿನ ಬಾಗಿಲು ತೆರೆದಿಟ್ಟಿದ್ದರು. ತನುಶ್ರೀಯ ತಾಯಿ ಬಸವಣ್ಣೆಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲ ಬಳಿ ನಿಂತಿದ್ದರು.

"ಅತ್ತಿಗೆ, ನೀವು ಅಲ್ಲೇ ಇರ್ರಿ," ಎಂದ ಚಿಕ್ಕಪ್ಪ ವಾಮದೇವಪ್ಪ. "ಮುತ್ತೈದೇರು ಮಾಡ್ಲಿ."

ಆ ತಾಯಿಯ ಕೈ ಸೋತು ಇಳಿಯಿತು. ತನುಶ್ರೀ ಬಾಯಿ ತೆರೆಯುವ ಮೊದಲೇ ಅರುಣ್ ಮುಂದೆ ಬಂದಿದ್ದ.

"ಈ ಮನಿ ಹಿರೇರು ಇವರೇ ಅಲ್ಲೇನ್ರಿ? ಅವ್ವಾರೆ, ಬರ್ರಿ. ನೀವೇ ಮಾಡ್ರಿ."

ಬಸವಣ್ಣೆಮ್ಮ ಹೊಸ್ತಿಲು ದಾಟಿ ಬಂದು ಪೂಜೆ ಮಾಡಿದರು. ಎಲ್ಲರೂ ಪ್ರಸಾದಕ್ಕೆಂದು ಹೊರಬಂದರೂ ಅವರು ಬಹಳ ಹೊತ್ತು ಒಳಗೇ ಇದ್ದರು. ಹೊರಬಂದಾಗ ಆ ಮುಖದಲ್ಲಿ ವರ್ಷದಿಂದ ಕಾಣದ ಕಳೆ!

'ಇವನೇ... ಇವನೇ ನನ್ನವನು,' ಎಂದುಕೊಂಡಳು ತನುಶ್ರೀ. 'ದೀಪಾವಳಿಗೆ ಅವ್ವನ ಹತ್ರ ಹೇಳಿಬಿಡ್ತೀನಿ.'

ಆದರೆ ಹಬ್ಬ ಮುಗಿದು ಮಷೀನು ಶುರುವಾದ ದಿನವೇ ಎಲ್ಲ ತಲೆಕೆಳಗಾಯಿತು. ಟ್ರಾಕ್ಟರ್ ಕಂಪನಿಯವರು ಮೊದಲ ಮಾಲು ಅಳೆಯಲು ಬಂದಿದ್ದರು. ಆರು ಪ್ಯಾಲೆಟ್‌ನ ಆರೂ ಎರಕಗಳಲ್ಲಿ ತೂತು ಕೂದಲೆಳೆಯಷ್ಟು ವಾರೆ!

"ಆರೂ ರಿಜೆಕ್ಟ್," ಎಂದು ಅವರು ಎದ್ದುಹೋದರು.

ಅರುಣ್ ಮಷೀನು ನಿಲ್ಲಿಸಿ, ಪ್ಯಾಲೆಟ್ ತೆಗೆಸಿ, ಒಳಗೆ ಬಗ್ಗಿದ. ಬಹಳ ಹೊತ್ತಿನ ಮೇಲೆ ಹೊರಬಂದ. ಎಂದೂ ಏನೂ ಹಚ್ಚದ ಅವನ ಹಣೆಯ ಮೇಲೆ ವಿಭೂತಿ ಇತ್ತು.

"ನಾನು ಅವತ್ತೇ ಹೇಳಿದ್ದೆ," ವಾಮದೇವಪ್ಪನ ದನಿ ಏರಿತು. "ಎಂಥಾ ಕೈಲಿ ಪೂಜೆ ಮಾಡಿಸಿದ್ರಿ..."

"ಪೂಜೆಗೂ ಇದಕ್ಕೂ ಸಂಬಂಧ ಇಲ್ರಿ!" ಅರುಣ್ ತಡೆದ. "ಪ್ಯಾಲೆಟ್ ಕೂರೋ ಜಾಗ ನೋಡ್ದೆ ಶುರು ಮಾಡಿದವನು ನಾನು. ತಪ್ಪು ನಂದು."

ತನುಶ್ರೀಯ ಎದೆ ಉರಿಯಿತು.

"ಜಿಡ್ಡೂ ಕೂರಬಾರ್ದು ಅಂತ ನಂಗೆ ಪಾಠ ಹೇಳ್ದೋರು! ಅಪ್ಪಾಜಿ ಕನಸನ್ನ ನಿಮ್ಮ ಕೈಲಿ ಇಟ್ಟಿದ್ದೆ ನಾನು. ಈಗ ಹಣೆಗೆ ವಿಭೂತಿ ಬಳ್ಕಂಡು ಬಂದ್ರೆ ತೂತು ನೆಟ್ಟಗಾಗ್ತಾವಾ? ಹೋಗ್ರಿ... ನಾಳೆಯಿಂದ ಬರಬ್ಯಾಡ್ರಿ!"

ಅವನ ತುಟಿ ಅಲುಗಿತು. ಏನೋ ಹೇಳಹೊರಟವನು ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಬಸವಣ್ಣೆಮ್ಮನನ್ನು ನೋಡಿದ. ಕೈಲಿದ್ದ ಬಿಳಿ ಬಟ್ಟೆ ಮಡಚಿ ಮೇಜಿನ ಮೇಲಿಟ್ಟು ಹೊರಟುಹೋದ.

'ಒಂದು ಮಾತು... ಒಂದೇ ಒಂದು ಮಾತು ಹೇಳಬಾರದಿತ್ತಾ?' ಆ ರಾತ್ರಿ ಅವಳ ದಿಂಬು ಒದ್ದೆಯಾಯಿತು.

ಕಂಪನಿಯವರು ಇನ್ನೊಂದು ಅವಕಾಶ ಕೊಟ್ಟರು. ವಿಚಿತ್ರವೆಂದರೆ ಈ ಸಲ ಅದೇ ಮಷೀನಿನಲ್ಲಿ, ಅದೇ ಪ್ಯಾಲೆಟ್‌ಗಳ ಮೇಲೆ ಎಲ್ಲ ಸರಿಬಂತು. ಮಾಲು ಹೋಗತೊಡಗಿತು. ಮಂಡಕ್ಕಿ ಮಾತ್ರ ರುಚಿಸಲಿಲ್ಲ.

ಕಾರ್ತಿಕ ಸೋಮವಾರ. ಮಷೀನು ತೊಳೆಯಲೆಂದು ಪ್ಯಾಲೆಟ್ ಹೊರಗೆಳೆದಿದ್ದರು. ಬಸವಣ್ಣೆಮ್ಮ ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಬಂದರು.

"ತನು, ಇವತ್ತೂ ಆ ನಾಲ್ಕು ಲಿಂಗಕ್ಕ ಹಚ್ಲೇನೇ?"

"ಯಾವ ಲಿಂಗ ಅವ್ವಾ?"

"ಅಗೋ, ಒಳಗೆ ಹೊಳಿತಾವಲ್ಲ. ಬರೇ ಮೈಲಿ ನಿಂತಿದ್ವು. ಅವತ್ತು ಎಲ್ಲಾರೂ ಹೊರಗೆ ಹೋದಾಗ ಮೂರು ಬೆರಳು ಎಳೆದಿದ್ದೆ."

ತನುಶ್ರೀ ಕಲ್ಲಾಗಿ ನಿಂತಳು.

ಕೋನಿನ ಮೇಲೆ ಒಣಗಿ ಗಟ್ಟಿಯಾದ ವಿಭೂತಿ... ಕೂದಲೆಳೆಯಷ್ಟು ಎದ್ದು ಕೂತ ಪ್ಯಾಲೆಟ್... ಒಳಗೆ ಬಗ್ಗಿದ ಅರುಣ್... ಅವನ ಹಣೆ!

ಒರೆಸಿದ ವಿಭೂತಿಯನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಹಣೆಗಿಟ್ಟುಕೊಂಡಿದ್ದ. ಅದನ್ನೇ ಆಡಿಕೊಂಡೆನಲ್ಲ ಶಿವನೇ!

"ಯಾಕ ಹಿಂಗೆ ನಿಂತಿ?" ತಾಯಿಯ ದನಿ ಸಣ್ಣಗಾಯಿತು. "ಅವತ್ತು ಕೆಟ್ಟಿದ್ದು... ನನ್ನ ಕೈಯಿಂದಾನಾ?"

ತನುಶ್ರೀ ಆ ಕೈಗಳನ್ನು ಹಿಡಿದುಕೊಂಡಳು.

"ಕೈಯಿಂದ ಅಲ್ಲವ್ವಾ. ಅಲ್ಲಿ ಏನೂ ಕೂರಬಾರ್ದು, ಅಷ್ಟೇ. ಸ್ವಾಮಿಗಳು ಹಚ್ಚಿದ್ರೂ ಕೆಡ್ತಿತ್ತು, ಚಿಕ್ಕಪ್ಪ ಹಚ್ಚಿದ್ರೂ ಕೆಡ್ತಿತ್ತು. ಯಾರ ಕೈ ಅಂತ ಕಬ್ಬಿಣ ಕೇಳಲ್ಲ. ಕೇಳೋರು ಮನುಷ್ಯರೇ."

ಬಸವಣ್ಣೆಮ್ಮ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಂದ್ರೆ ಆ ಹುಡುಗ ನನ್ನ ಸಲುವಾಗಿ ನಿನ್ ಹತ್ರ ಬೈಸ್ಕಂಡ. ಇನ್ನೂ ಏನು ನೋಡ್ತಿ? ನಡಿ ಹರಿಹರಕ್ಕ!"

ಅರುಣ್ ಹೊಳೆ ಹತ್ತಿರದ ಒಂದು ಲೇತ್ ಅಂಗಡಿಯಲ್ಲಿ ಸಿಕ್ಕ. ಅವರನ್ನು ಕಂಡು ಗಾಬರಿಯಿಂದ ಎದ್ದ.

"ಏನಪ್ಪಾ, ನನ್ನ ವಿಭೂತಿ ನೀನೇ ಹಚ್ಕಂಡ್ಯಂತೆ?" ಎಂದರು ಬಸವಣ್ಣೆಮ್ಮ.

ಅವನು ತಲೆ ತಗ್ಗಿಸಿದ. "ಒರೆಸಿ ನೋಡಿ ಶುರು ಮಾಡಬೇಕಾದೋನು ನಾನೇ ಅವ್ವಾರೆ. ಸುಳ್ಳೇನೂ ಹೇಳಿಲ್ಲ."

"ಹೇಳಿಲ್ಲಪ್ಪಾ. ನಾನು ಹರಿಹರೇಶ್ವರನಿಗೆ ಕೈ ಮುಗಿದು ಬರ್ತೀನಿ. ನೀವು ಮಾತಾಡ್ರಿ." ಅವರು ನಡೆದೇಬಿಟ್ಟರು.

ತುಂಗಭದ್ರೆಯ ಗಾಳಿ ಬೀಸುತ್ತಿತ್ತು. ತನುಶ್ರೀ ಕೈಚೀಲದಿಂದ ಆ ಬಿಳಿ ಬಟ್ಟೆ ತೆಗೆದಳು.

"ನಂಗಾದ್ರೂ ಗುಟ್ಟಾಗಿ ಹೇಳಬಹುದಿತ್ತಲ್ಲ?"

"ನಿಮಗೆ ಗೊತ್ತಾಗಿದ್ರೆ ನಿಮ್ಮ ಮುಖ ಹೇಳ್ತಿತ್ತು. ಅವ್ವಾರು ಮತ್ತೆ ಹೊಸ್ತಿಲಾಚೆ ನಿಲ್ತಿದ್ರು."

ಅವಳ ಕಣ್ಣು ತುಂಬಿತು.

"ಅಷ್ಟೊಂದು ಬೈದೆ. ಬ್ಯಾಸರ ಆಗ್ಲಿಲ್ವಾ?"

"ಆತು. ಈಗಲೂ ಐತೆ."

"ಹೆಂಗೆ ಹೋಗ್ತೈತಿ?"

"ಬರ್ರಿ ಅಂತ ಒಂದ್ಸಲ ಕರೆದ್ರೆ..."

"ಬರ್ರಿ. ಮಷೀನಿಗೆ ಆಪರೇಟರ್ ಸಿಕ್ಕಾರೆ." ಅವಳು ಬಟ್ಟೆ ಮುಂದೆ ಚಾಚಿದಳು. "ನಂಗೆ ಬೇಕಾಗಿರೋದು ನೀವು."

ಅವನು ಅಂಗಿಗೆ ಕೈ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಮುಂದಿನ ವರ್ಷ ಪೂಜೆ ಯಾರು ಮಾಡ್ತಾರೆ?"

"ಅವ್ವನೇ."

"ವಿಭೂತಿ?"

"ಅವ್ವ ಮಷೀನಿನ ಬಾಗಿಲಿಗೆ ಹಚ್ತಾಳೆ." ಅವಳು ಕೆನ್ನೆಯ ನೀರು ಒರೆಸಿಕೊಳ್ಳಲಿಲ್ಲ. "ನಿಮ್ಮ ಹಣೆಗೆ ನಾನು ಹಚ್ತೀನಿ."

"ಕೈ ತೊಳ್ಕಂಡು ಹಚ್ರಿ... ಮೇಡಂ," ಎಂದ ಅರುಣ್. ಬಟ್ಟೆ ಇಸಿದುಕೊಂಡು ಅವಳ ಕಣ್ಣು ಒರೆಸಿದ.