ಹೊಳೆಮರಳಿನ ಅಂಕಿ

ದೇವರು ಮೆಚ್ಚುವ ಹಾಗೆ ಹೇಳುತ್ತೇನೆ, ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ. ಜನ ಕಳೆದುಕೊಂಡ ಒಡವೆಗಳನ್ನು ಮೆಟಲ್ ಡಿಟೆಕ್ಟರಿನಿಂದ ಹುಡುಕಿಕೊಡುತ್ತಿದ್ದ ನನ್ನಣ್ಣ, ಹೋದ ವರ್ಷ ಯಾರದೋ ಉಂಗುರಕ್ಕಾಗಿ ಹೊಳೆಗೆ ಇಳಿದವನು ತಿರುಗಿ ಬರಲಿಲ್ಲ. ಯಂತ್ರ ಮಾತ್ರ ದಡದಲ್ಲಿ ಸಿಕ್ಕಿತು.

ಹದಿನೈದು ದಿನದ ಹಿಂದೆ ಅತ್ತಿಗೆಯ ಓಲೆ ಅಂಗಳದಲ್ಲಿ ಬಿದ್ದುಹೋಯಿತು. ಅಣ್ಣ ಕಲಿಸಿದಂತೆ ಯಂತ್ರದ ತಟ್ಟೆಯನ್ನು ನೆಲದ ಮೇಲೆ ಎತ್ತಿ ಇಳಿಸುತ್ತ, ಮಣ್ಣಿನ ಗುಂಯ್ ಸದ್ದು ಅಡಗುವ ತನಕ ಅಂಕಿ ಹೊಂದಿಸಿದೆ. ಒಂದೊಂದು ನೆಲಕ್ಕೂ ಒಂದೊಂದು ಅಂಕಿ: ನಮ್ಮ ಕೆಂಪು ಮಣ್ಣಿಗೆ ಎಪ್ಪತ್ತೆರಡು, ಹೊಳೆಯ ಒದ್ದೆ ಮರಳಿಗೆ ಮೂವತ್ತೊಂದು. ಓಲೆ ಬೇಗ ಸಿಕ್ಕಿತು. ಆದರೆ ಗೇಟಿನ ಬಳಿ ಯಂತ್ರ ಅರಚತೊಡಗಿತು. ಮತ್ತೆ ಹೊಂದಿಸಿದೆ; ಮೂವತ್ತೊಂದಕ್ಕೆ ಸುಮ್ಮನಾಯಿತು. ಮುಟ್ಟಿದರೆ ಒಣ ಕೆಂಪು ಮಣ್ಣೇ, ಸುಡುಬಿಸಿಲಲ್ಲೂ ತಣ್ಣಗಿತ್ತು.

"ಅತ್ತಿಗೆ, ಇಲ್ಲಿ ಮೂವತ್ತೊಂದು ತೋರಿಸ್ತಿದೆ."

"ಹೊಳೆಯ ಮರಳು ಮೆತ್ತಿದ ಕಾಲಲ್ಲೇ ಬರಬೇಡಿ, ತೊಳ್ಕೊಂಡು ಬನ್ನಿ ಅಂತ ಎಷ್ಟು ಸಲ ಬಯ್ದೆ. ನಿಮ್ಮಣ್ಣ ಕೇಳಿದ್ರೆ ತಾನೇ!" ಎಂದು ಅತ್ತಿಗೆ ನಕ್ಕರು. ಅವರ ಕಣ್ಣು ತುಂಬಿತ್ತು.

ಅಂದಿನಿಂದ ದಿನವೂ ಹೊಂದಿಸಿ ನೋಡುತ್ತಿದ್ದೇನೆ. ಮೂವತ್ತೊಂದರ ಜಾಗ ದಿನಕ್ಕೊಂದು ಹೆಜ್ಜೆ ಮನೆಯತ್ತ ಬರುತ್ತಿದೆ. ಹಿಂದೆ ಬಿಟ್ಟ ನೆಲ ಮತ್ತೆ ಎಪ್ಪತ್ತೆರಡೇ ಆಗುತ್ತದೆ. ನಿನ್ನೆ ಅದು ಹೊಸ್ತಿಲಿಗೆ ಒಂದೇ ಹೆಜ್ಜೆ ದೂರದಲ್ಲಿತ್ತು. ಮಲಗುವಾಗ ಅತ್ತಿಗೆ ಬಾಗಿಲಿಗೆ ಚಿಲಕ ಹಾಕಲಿಲ್ಲ. ನಾನೂ ಹಾಕಲಿಲ್ಲ.