ಮೇಜಿನ ಕೆಳಗಿನ ಕೈ

ಕಾಮೆಂಟರಿ ಮೇಜಿನ ಕೆಳಗೆ ಮಹೇಶ್ವರಿ ಟೀಚರು ಹೊಳಬಸಪ್ಪನವರ ಕೈ ಹಿಡಿದುಕೊಂಡಿರುತ್ತಾರೆ ಎಂಬ ಸುದ್ದಿ ಇಳಕಲ್ಲಿನಲ್ಲಿ ಎರಡು ವರ್ಷದಿಂದ ಓಡಾಡುತ್ತಿತ್ತು. ಸುದ್ದಿ ನಿಜ. ಜನ ಅದಕ್ಕೆ ಕೊಟ್ಟ ಅರ್ಥ ಮಾತ್ರ ಸುಳ್ಳು. ಅದು ಸುಳ್ಳಾಗಿದ್ದದ್ದೇ ಮಹೇಶ್ವರಿಯ ಸಂಕಟ.

ಹೊಳಬಸಪ್ಪನವರ ಕಣ್ಣು ಹೋಗುತ್ತಿತ್ತು. ಗ್ಲಾಕೋಮಾ. ಹುನಗುಂದದಿಂದ ಬಾದಾಮಿಯವರೆಗೆ ಮೂವತ್ತನಾಲ್ಕು ವರ್ಷ ಫುಟ್‌ಬಾಲ್ ಕಾಮೆಂಟರಿ ಹೇಳಿದ ಮನುಷ್ಯನಿಗೆ ಮೈದಾನದ ತುಂಬ ಈಗ ಕಾಣುತ್ತಿದ್ದದ್ದು ಕೆಂಪು ಹೊಗೆ, ನೀಲಿ ಹೊಗೆ, ಅಷ್ಟೆ. ಪಕ್ಕದಲ್ಲಿ ಕೂತು ಸ್ಕೋರ್ ಬರೆಯುವ ಪಿ.ಟಿ. ಟೀಚರು ಮಹೇಶ್ವರಿಯನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಉಪಾಯವೂ ಅವಳದೇ. ಅಂಗೈಗೆ ತಟ್ಟಿದರೆ ಕೆಂಪು ತಂಡ, ಕೈಯ ಬೆನ್ನಿಗೆ ತಟ್ಟಿದರೆ ನೀಲಿ ತಂಡ. ಎಷ್ಟು ಸಲ ತಟ್ಟುತ್ತಾಳೋ ಅಷ್ಟನೇ ನಂಬರಿನವನ ಕಾಲಲ್ಲಿ ಚೆಂಡು. ಬೆರಳು ಒತ್ತಿ ಹಿಡಿದರೆ ಹತ್ತನೇ ನಂಬರು. ಉಳಿದದ್ದನ್ನು ಜನರ ಕೂಗು ಅವರಿಗೆ ಹೇಳುತ್ತಿತ್ತು. ನೇಕಾರರ ಮನೆಯಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೇ ಸೀರೆಯ ಮೈಗೆ ಸೆರಗಿನ ಎಳೆ ಕೂಡಿಸಿ ಕೊಂಡಿ ಹಾಕಲು ಕಲಿತ ಬೆರಳು ಅವಳದು, ಚೆಂಡಿಗಿಂತ ಚುರುಕು.

ತೊಂಬತ್ತು ನಿಮಿಷ ಕೈ. ಶಿಳ್ಳೆಯಾದ ಮೇಲೆ ನಮಸ್ಕಾರ.

ಅವಳಿಗೆ ನಲವತ್ತಾರು, ಮದುವೆಯಾಗಿರಲಿಲ್ಲ. ಅವರಿಗೆ ಐವತ್ತೆಂಟು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಪ್ರೀತಿಯ ಮಟ್ಟಿಗೆ ಇಬ್ಬರೂ ಸೆಕೆಂಡ್ ಹಾಫಿನವರು. ಪ್ರತಿ ಮ್ಯಾಚಿನಲ್ಲೂ ಎಕ್ಸ್‌ಟ್ರಾ ಟೈಮ್ ಬರಲಿ ಎಂದು ಮಹೇಶ್ವರಿ ಕೂಡಲಸಂಗಮದ ದಿಕ್ಕಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು.

ಇವತ್ತು ಅವರ ಕೊನೆಯ ಮ್ಯಾಚು. ಇಳಕಲ್ ಹೈಸ್ಕೂಲ್ ಮೈದಾನದಲ್ಲಿ ಫೈನಲ್. ಕೆಂಪಿಗೆ ಹುನಗುಂದ, ನೀಲಿಗೆ ಬಾಗಲಕೋಟೆ. ಮುಗಿದ ಮೇಲೆ ಅವರು ಬಾಗಲಕೋಟೆಯ ಅಕ್ಕನ ಮನೆಗೆ ಹೋಗಿಬಿಡುವವರಿದ್ದರು. ಸಾಮಾನೆಲ್ಲ ಹಿಂದಿನ ವಾರವೇ ಟೆಂಪೋದಲ್ಲಿ ಹೋಗಿತ್ತು. ಕೈ ಬಿಡುವ ಮುಂಚೆ ಮನಸ್ಸಿನದನ್ನು ಹೇಳಿಬಿಡಬೇಕೆಂದು, ಸದಾ ಟ್ರ್ಯಾಕ್‌ಸೂಟಿನಲ್ಲಿರುವ ಟೀಚರು ದಾಳಿಂಬೆ ಬಣ್ಣದ ಸೀರೆ ಉಟ್ಟು ಬಂದಿದ್ದಳು. ನೋಡಬೇಕಾದವರ ಪಾಲಿಗೆ ಅದೂ ಕೆಂಪು ಹೊಗೆಯೇ.

"ಇವತ್ತ ನಡಿಗಿ ಸಪ್ಪಳ ಬ್ಯಾರೆ ಐತೆಲ್ರಿ, ಟೀಚರ್. ಸೀರಿ ಉಟ್ಟೀರೇನು?"

"ಹೂಂ ರಿ, ಸರ."

"ಯಾವ ಬಣ್ಣ?"

"ಕೆಂಪ."

"ಹುನಗುಂದದ ಪಾರ್ಟಿ ಆದ್ರಿ ಹಂಗಾರ. ಸ್ಕೋರರ್ ಪಕ್ಷಪಾತ ಮಾಡಬಾರದು."

ಅವಳು ನಕ್ಕಳು. ಅವರು ಮೇಜಿನ ಕೆಳಗೆ ಎಡಗೈ ಚಾಚಿದರು.

ಹಾಫ್ ಟೈಮಿಗೆ ಒಂದೊಂದು ಗೋಲು. ಟೂರ್ನಮೆಂಟ್ ಸೆಕ್ರೆಟರಿ ಫಕ್ರುಸಾಬ ಗಿರಮಿಟ್ಟು, ಚಹಾ ಕಳಿಸಿದರು. ಆಚೆ ಟೆಂಟಿನಲ್ಲಿ ಯೂಟ್ಯೂಬಿಗೆ ಲೈವ್ ಹೇಳುತ್ತಿದ್ದ ಪ್ರವೀಣಕುಮಾರನ ದನಿ ಇನ್ನೂ ಆರಿರಲಿಲ್ಲ. ಮುಂದಿನ ವರ್ಷದಿಂದ ಈ ಮೈಕು ಅವನದೇ.

ಹೊಳಬಸಪ್ಪ ಗಂಟಲು ಸರಿಮಾಡಿಕೊಂಡು ಥೇಟ್ ಅವನಾದರು. "ಓಹೋಹೋ, ಏನ್ ಗುರೂ ಇದು, ಏನ್ ಗುರೂ..." ಆಮೇಲೆ ತಮ್ಮ ದನಿಗೆ ಮರಳಿ, "ಆಟಗಾರ ಬೂಟಿನ ಲೇಸ್ ಕಟ್ಟಿದ್ರೂ ಓಹೋ ಅಂತಾನ. ಗೋಲ್ ಆದಾಗ ಏನ ಅಂದಾನು, ಪಾಪ? ಎಲ್ಲಾ ಮೊದಲ ಖರ್ಚ ಮಾಡಿರತಾನ."

"ನೀವು ಏನ ಅಂತೀರಿ?"

"ಏನೂ ಅನ್ನೂದಿಲ್ಲ. ಗೋಲ್ ಬಿದ್ದ ಮ್ಯಾಲ ಮೂರು ಸೆಕೆಂಡ್ ಬಾಯಿ ಮುಚ್ಚತೇನಿ. ಆ ಮೂರು ಸೆಕೆಂಡ್ ಜನರದ್ದು. ಕಾಮೆಂಟರಿ ಅಂದ್ರ ಗ್ವಾಡಿ ಆಚೆ ನಿಂತಾವಗ ಮೈದಾನ ಕಾಣಬೇಕು. ಅಂವ ನನ್ನ ಮಾತು ನಂಬಿ ನಿಂತಿರತಾನ. ಅವಗ ಸುಳ್ಳ ಹೇಳಬಾರದು." ಚಹಾ ಕಪ್ಪನ್ನು ತಡಕಿ ಹಿಡಿದು ಮೆಲ್ಲಗೆ ಸೇರಿಸಿದರು: "ಈಗ ನಾನೂ ಗ್ವಾಡಿ ಆಚೆನ ನಿಂತೇನಿ. ನಿಮ್ಮ ಬೆರಳ ನಂಬಿ."

ಎಂಬತ್ತೊಂಬತ್ತನೇ ನಿಮಿಷಕ್ಕೂ ಒಂದೊಂದೇ ಗೋಲು. ಫಕ್ರುಸಾಬ ಹಿಂದಿನಿಂದ ಬಗ್ಗಿ ಮಹೇಶ್ವರಿಯ ಕಿವಿಯಲ್ಲಿ, "ಇನ್ನ ಎರಡ ನಿಮಿಷರಿ ಮೇಡಂ. ಸಮ ಆದ್ರ ಇಬ್ಬರಿಗೂ ಕಪ್ಪು, ಎಕ್ಸ್‌ಟ್ರಾ ಟೈಮ್ ಇಲ್ಲ. ಸನ್ಮಾನದ ಶಾಲು ತಯಾರ ಐತಿ," ಎಂದರು.

ಎರಡು ನಿಮಿಷ. ಅವಳ ಬೆರಳು ಅವರ ಅಂಗೈಯಲ್ಲಿ ನಿಂತಿತು. ತಟ್ಟುವುದನ್ನು ಮರೆತು ಅಲ್ಲೇ ಒತ್ತಿಕೊಂಡಿತು. ಎದುರಿಗೆ ಚೆಂಡು ಯಾರದೋ ಕಾಲಲ್ಲಿ ಓಡುತ್ತಿತ್ತು, ಜನ ಎದ್ದು ನಿಂತಿದ್ದರು. ಅವಳ ಕಣ್ಣಲ್ಲಿ ನೀರು ತುಂಬಿ ಅವಳಿಗೂ ಹೊಗೆಯೇ ಕಂಡಿತು.

"ಶಿವಪುತ್ರ," ಎಂದರು ಹೊಳಬಸಪ್ಪ ಮೈಕಿನಲ್ಲಿ, ದನಿ ಏರಿಸುತ್ತಾ. "ಹುನಗುಂದದ ಹತ್ತನೇ ನಂಬರ್ ಶಿವಪುತ್ರ ಚೆಂಡ ತಗೊಂಡ ನುಗ್ಗಾಕತ್ತಾನ. ಒಬ್ಬನ್ನ ದಾಟಿದ, ಶಿವಪುತ್ರ, ಗೋಲ್ ಮುಂದ ಶಿವಪುತ್ರ..."

ಕಾಲುಗಂಟೆ ಹಿಂದೆಯೇ ಮೈದಾನದಿಂದ ಹೊರಬಂದಿದ್ದ ಶಿವಪುತ್ರ ಕಾಮೆಂಟರಿ ಮೇಜಿನಿಂದ ಹತ್ತು ಹೆಜ್ಜೆಯಲ್ಲಿ, ಬೂಟು ಕಳಚಿ, ನಿಂಬೆ ಶರಬತ್ತು ಕುಡಿಯುತ್ತಾ ಕೂತಿದ್ದ. ಆ ಬದಲಾವಣೆಯನ್ನು ಹೇಳಲು ಬೆರಳಿಗೆ ಗುರುತಿರಲಿಲ್ಲ, ಬಾಯಲ್ಲಿ ಹೇಳಲು ಮಹೇಶ್ವರಿ ಮರೆತಿದ್ದಳು.

ಮೊದಲು ಬೆಂಚಿನವರು ನಕ್ಕರು. ಆಮೇಲೆ ಗ್ಯಾಲರಿ. ಆಮೇಲೆ ಇಡೀ ಮೈದಾನ. "ಶರಬತ್ತ ಗೋಲ್ ಹೊಡೀತೋ" ಎಂದು ಯಾರೋ ಕೂಗಿದರು. ಹೊಳಬಸಪ್ಪ ನಗೆ ಬಂದ ಕಡೆಗೆಲ್ಲ ಮುಖ ತಿರುಗಿಸಿದರು. ಯಾರನ್ನೂ ನೋಡದ ಆ ಮುಖ ನೋಡಿದ್ದೇ ಜನರಿಗೆ ತಿಳಿಯಿತು. ನಗೆ ತಟ್ಟನೆ ನಿಂತಿತು. ಅದು ನಗೆಗಿಂತ ಕೆಟ್ಟದಾಗಿತ್ತು.

"ತಪ್ಪಾತು. ನಂದ ತಪ್ಪು," ಎಂದು ಅವರು ಮೈಕು ಕೆಳಗಿಟ್ಟರು. ಪ್ರವೀಣಕುಮಾರ ಓಡಿಬಂದು ಎತ್ತಿಕೊಂಡ. ಪಾಪ, ಅವನು ಅಂದು ಒಂದೂ ಓಹೋ ಅನ್ನಲಿಲ್ಲ.

ಶಾಲು ಹೊದಿಸಿದ್ದಾಯಿತು, ಗಂಧದ ಹಾರ ಆಯಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೇ ಕೂತಾಗ ಇನ್ನೂ ಬೆಳಕಿತ್ತು.

"ಹತ್ತು ಅಂದ್ರೆಲ್ರಿ," ಎಂದರು ಅವರು. ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ.

"ಹತ್ತು ಅನ್ನಲಿಲ್ರಿ. ನಾ ಏನೂ ಅನ್ನಲಿಲ್ಲ. ಸುಮ್ನ ಹಿಡಕೊಂಡಿದ್ದೆ."

"ಯಾಕ?"

"ಬಿಡಾಕ ಮನಸಾಗಲಿಲ್ಲ, ಸರ."

ಹೇಳಬೇಕೆಂದು ಎರಡು ವರ್ಷ ಕಟ್ಟಿಟ್ಟುಕೊಂಡ ಮಾತು ಇಷ್ಟು ಸಣ್ಣದಿತ್ತೇ ಎನಿಸಿತು ಅವಳಿಗೆ. ಅವರು ಸನ್ಮಾನದ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಹೋದ ವರ್ಷ ಪ್ರವೀಣ ತನ್ನ ಲೈವಿಗೆ ಅಂತ ತಂದಿದ್ದ ಕಿವಿಗೆ ಹಾಕ್ಕೊಳ್ಳೂದೊಂದು ನನಗೂ ಕೊಡಾಕ ಬಂದಿದ್ದ, ನೆನಪೈತೇನು? ನೀವು ಅದರಾಗ ಮೆಲ್ಲಕ ಹೆಸರ ಹೇಳಬಹುದಿತ್ತು. ಕೈ ಹಿಡಿಯೂದ ಬೇಕಾಗಿರಲಿಲ್ಲ. ಕಿವಿ ನೋಯ್ತದ ಅಂದೆ ನಾ."

"ಖರೆ ನೋಯ್ತಿತ್ತೇನ್ರಿ?"

"ಕಿವಿ ನೋಯ್ಲಿಲ್ಲ."

ಅವಳು ಅವರ ಕಡೆ ತಿರುಗಿದಳು. ಅಷ್ಟರಲ್ಲಿ ಆಚೆ ತುದಿಗೆ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರನ ಕೂಗು ಇಂಜಿನ್ ಸದ್ದಿನಲ್ಲಿ ಅರ್ಧ ಮುಳುಗಿತು.

"ಯಾವ ಊರಿಂದು?"

"ಗುಡೂರದು," ಎಂದಳು ಮಹೇಶ್ವರಿ. ಬೋರ್ಡಿನ ಮೇಲೆ ಬಾಗಲಕೋಟೆ ಎಂದಿತ್ತು.

ಅರ್ಧ ಗಂಟೆಗೆ ಇನ್ನೊಂದು ಬಂತು. ಅದನ್ನು ಅವಳು ಹುನಗುಂದಕ್ಕೆ ಕಳಿಸಿದಳು.

"ಇಲ್ಲೇ ಇರ್ರಿ," ಎಂದಳು, ಬಸ್ಸು ಮರೆಯಾದ ಮೇಲೆ. "ನಮ್ಮ ಓಣ್ಯಾಗ ಎರಡ ಖೋಲಿ ಮನಿ ಖಾಲಿ ಐತಿ. ರೆಜಿಸ್ಟರ್ ಮದುವಿ ಆಗೂಣು. ಮಂದಿ ಹೆಂಗೂ ಎರಡು ವರ್ಷದಿಂದ ಆಗೇತಿ ಅಂತಾನ ತಿಳ್ಕೊಂಡಾರ."

ಹೊಳಬಸಪ್ಪ ನಕ್ಕರು. ಆಮೇಲೆ ನೆಗಡಿಯ ಗಂಟಲಲ್ಲಿ, "ಬಾಗಲಕ್ವಾಟಿ, ಬಾಗಲಕ್ವಾಟಿ, ಬರ್ರೀ..." ಎಂದರು. ತಂಬಾಕು ತುಂಬಿದ ಬಾಯಲ್ಲಿ ಮತ್ತೊಮ್ಮೆ, "ಬಾಗ್ಲೋಟಿ, ಬಾಗ್ಲೋಟಿ." ಹೋದ ಎರಡೂ ಬಸ್ಸುಗಳ ಕಂಡಕ್ಟರುಗಳು, ಥೇಟ್ ಅದೇ ದನಿ. ಯಾರಾದರೂ ಟಿಕೆಟ್ ಕೇಳಿಕೊಂಡು ಬರಬೇಕು, ಹಾಗಿತ್ತು.

ಮಹೇಶ್ವರಿ ತಲೆ ತಗ್ಗಿಸಿದಳು.

"ಕೇಳಿಸಿತ್ತಲ್ರಿ. ಮತ್ಯಾಕ ಸುಮ್ನಿದ್ರಿ?"

"ನನಗೂ ಏಳಾಕ ಮನಸಿರಲಿಲ್ಲ. ಆದರ ಮಹೇಶ್ವರಿ..." ಟೀಚರ್ ಎಂಬುದನ್ನು ಬಿಟ್ಟು ಅವರು ಹೆಸರು ಹಿಡಿದದ್ದು ಅದೇ ಮೊದಲು. "ದೀಪಾವಳಿ ಅನ್ನೂದ್ರಾಗ ಇದ್ದ ಹೊಗಿನೂ ಹೋಗಿ ಪೂರಾ ಕತ್ತಲಾಗತೈತಿ ಅಂದಾರ ದವಾಖಾನ್ಯಾಗ. ಆಮ್ಯಾಲ ಔಷಧದ ಹೆಸರು, ರಿಪೋರ್ಟು, ಮಂದಿ ಮುಖ, ಎಲ್ಲಾ ನೀ ಹೇಳಿದ್ದ ನನಗ ಖರೆ. ನಿನ್ನ ಮಾರಿ ಸಪ್ಪಗಾಗಿದ್ರೂ ನಗಾಕತ್ತೇನಿ ಅಂತಿ. ಪ್ರೀತಿಗೇ ಅಂತಿ, ಗೊತ್ತೈತಿ ನನಗ. ಅದಕ್ಕ ಅಂಜಿಕಿ. ನಿನ್ನ ಬೆರಳಿನಾಗ ಯಾವದು ಆಟ, ಯಾವದು ಪ್ರೀತಿ, ಇವತ್ತ ನನಗ ತಿಳೀಲಿಲ್ಲ. ಇನ್ನ ಮುಂದನೂ ತಿಳಿಯೂದಿಲ್ಲ."

"ಇನ್ನೊಮ್ಮೆ ಸುಳ್ಳ ಹೇಳೂದಿಲ್ರಿ."

"ಹೇಳತಿ. ನಾನೂ ನಂಬಿದಾಂಗ ಮಾಡತೇನಿ. ಈಗ ಮಾಡಿದೆ ನೋಡು, ಹಂಗ. ಎರಡ ಬಸ್ಸಿಗೆ ಅದು ಛಂದ. ಜನ್ಮಕ್ಕ ಆಗೂದಿಲ್ಲ."

ಅವಳು ಬಸ್ಸು ಹೋದ ದಾರಿ ನೋಡಿದಳು. ಇಲ್ಲ ಎಂದು ಆಣೆ ಮಾಡಿದರೂ, ತಾನೇ ಕಳಿಸಿಕೊಟ್ಟ ಎರಡು ಬಸ್ಸುಗಳು ಅದನ್ನು ಸುಳ್ಳು ಮಾಡುತ್ತಿದ್ದವು.

ಮೂರನೆಯ ಬಸ್ಸು ಬಂತು. ಇದರ ಕಂಡಕ್ಟರನಿಗೆ ಗಂಟಲು ಕಟ್ಟಿತ್ತೋ, ಬೇಸರವೋ, ಕೂಗಲಿಲ್ಲ. ಬಾಗಿಲು ತೆರೆದು ಮೊಬೈಲು ನೋಡುತ್ತಾ ನಿಂತ. ಬಾಗಲಕೋಟೆಗೆ ಇದೇ ಕೊನೆಯದು.

"ಯಾವ ಊರಿಂದು?" ಎಂದು ಕೇಳಿದರು ಹೊಳಬಸಪ್ಪ.

ಗುಡೂರು ಎಂದರೆ ಅವರಿಗೆ ಈ ಸಲ ನಿಜಕ್ಕೂ ತಿಳಿಯುತ್ತಿರಲಿಲ್ಲ. ಮಹೇಶ್ವರಿ ಬೋರ್ಡನ್ನು ಎರಡು ಸಲ ಓದಿದಳು.

"ಬಾಗಲಕೋಟಿದ್ರಿ."

ಅವರು ಎದ್ದು ಕೈ ಚಾಚಿದರು. ಅವಳು ಆ ಕೈ ಹಿಡಿದು ನಡೆಸಿಕೊಂಡು ಹೋಗಿ, ಬಾಗಿಲ ಕಂಬಿಗೆ ಮುಟ್ಟಿಸಿ, ತನ್ನ ಕೈ ತೆಗೆದುಕೊಂಡಳು.